ಟವೆಲ್ ಹಾಕಿಟ್ಟ ಸೀಟು

ಹೆರಿಯಣ್ಣನ ಬಾಯಲ್ಲಿ ವಿಸಿಲ್ ಇಲ್ಲದ ಹೊತ್ತನ್ನು ನಾನು ಕಂಡದ್ದು ಕಡಿಮೆ. ಬೈಂದೂರಿನಿಂದ ಬ್ರಹ್ಮಾವರಕ್ಕೆ ಓಡುತ್ತಿದ್ದ ನಮ್ಮ ಹಸಿರು ಬಸ್ಸಿನ ಕಂಡಕ್ಟರ್ ಅವನು. ಒಂದು ಕೈ ಬಾಗಿಲ ಸರಳಿನ ಮೇಲೆ. ಇನ್ನೊಂದು ಕೈಯ ಬೆರಳ ಸಂದಿಗಳಲ್ಲಿ ಉದ್ದಕ್ಕೆ ಮಡಚಿದ ನೋಟು, ಅಂಗೈಯಲ್ಲಿ ಟಿಕೆಟ್ ಪುಸ್ತಕ. ವಿಸಿಲ್ ಹಿಡಿಯಲು ಉಳಿದದ್ದು ಮುಂದಿನ ಹಲ್ಲುಗಳು ಮಾತ್ರ. ಬೆಳಗಿನ ಮೊದಲ ಟ್ರಿಪ್ಪಿಗೆ ಕಚ್ಚಿದ ಆ ಸ್ಟೀಲಿನ ವಿಸಿಲನ್ನು ಅವನು ಬಿಡುತ್ತಿದ್ದದ್ದು ಊಟಕ್ಕೆ, ಚಹಕ್ಕೆ ಮತ್ತು ಬೀಡಿಗೆ. ಬೈಯುವುದಕ್ಕೆ ತೆಗೆಯಬೇಕಾಗಿರಲಿಲ್ಲ. ಬಾಯಿಯ ಎಡಮೂಲೆಯಿಂದಲೇ ಮಾತು ಬರುತ್ತಿತ್ತು. ಮಾತಿನ ಬಾಲಕ್ಕೆ ಸಣ್ಣದೊಂದು ಪೀಂ ಅಂಟಿಕೊಂಡಿರುತ್ತಿತ್ತು.

“ಹ್ವಾಯ್, ಮುಂದ್ ಹೋಯ್ನಿ, ಮುಂದ್ ಹೋಯ್ನಿ. ಬಾಗ್ಲಂಗೆ ನಿಂತ್ಕಂಡ್ ಎಂತ ಗಾಳ ಹಾಕ್ತ್ರ್ಯಾ?”

ಉದ್ದದ ಒಂದು ವಿಸಿಲ್ ಎಂದರೆ ನಿಲ್ಲು. ಗಿಡ್ಡದ ಎರಡು ಎಂದರೆ ಹೊರಡು. ಇದು ಎಲ್ಲ ಬಸ್ಸಿನ ಕಾನೂನು. ಆದರೆ ನಮ್ಮ ಬಸ್ಸಿನ ಡ್ರೈವರ್ ಸಾಧಣ್ಣ, ಹೆಸರಿಗೆ ಮಾತ್ರ ಸಾಧು, ಹೆರಿಯಣ್ಣನ ವಿಸಿಲ್ ಒಂದನ್ನು ಬಿಟ್ಟು ಭೂಮಿಯ ಮೇಲಿನ ಬೇರೆ ಯಾವ ಸದ್ದಿಗೂ ಬೆಲೆ ಕೊಡುತ್ತಿರಲಿಲ್ಲ. ಯಾರಾದರೂ ತಗಡು ಬಡಿದರೆ ಕನ್ನಡಿಯಲ್ಲಿ ಒಮ್ಮೆ ನೋಡಿ ಇನ್ನಷ್ಟು ಜೋರಾಗಿ ಹೊಡೆಯುತ್ತಿದ್ದ.

ನಾನು ಹೈಸ್ಕೂಲಿಗೆ ನಾಗೂರಿನಿಂದ ಕುಂದಾಪುರಕ್ಕೆ ಈ ಬಸ್ಸಿನಲ್ಲಿ ಹೋಗತೊಡಗಿದ್ದು ತೊಂಬತ್ತೇಳರ ಸುಮಾರಿಗೆ. ಆಗಲೇ ನನಗೆ ಅಂಟಿದ ಜಾಡ್ಯವೆಂದರೆ ಕಂಡವರ ದನಿ ಕದಿಯುವುದು. ಹೆಡ್ಮಾಸ್ಟರ ಕೆಮ್ಮು, ಮೀನು ಮಾರುವ ಅಕ್ಕನ ಚೌಕಾಶಿ, ಆಚೆಮನೆಯ ನಾಯಿ, ಒಂದನ್ನೂ ಬಿಡಲಿಲ್ಲ. ಅದರಿಂದ ನನಗಾದ ಲಾಭವೆಂದರೆ, ನಾನು ಎಲ್ಲಿಂದ ಫೋನ್ ಮಾಡಿದರೂ ಅಮ್ಮ “ಯಾರ್ ಮಾತಾಡುದ್?” ಎಂದು ಕೇಳುತ್ತಾಳೆ. ನನ್ನ ಸ್ವಂತ ದನಿ ಯಾವುದೆಂದು ನನಗೂ ಖಾತರಿಯಿಲ್ಲ.

ಹೆರಿಯಣ್ಣನನ್ನು ಹಿಡಿಯಲು ನಾನು ಪೆನ್ನಿನ ಮುಚ್ಚಳ ಕಚ್ಚಿ ಅಭ್ಯಾಸ ಮಾಡಿದೆ. ಒಂದು ಸಂಜೆ ಹಿಂದಿನ ಸೀಟಿನಲ್ಲಿ ಗೆಳೆಯರ ಎದುರು ನನ್ನ ಪ್ರದರ್ಶನ ರಂಗೇರಿತ್ತು. “ಹೆಮ್ಮಾಡಿ ಇಳೂರ್ ಯಾರ್? ಮನ್ಕಂಡ್ರೆ ಬೈಂದೂರಂಗೇ ಏಳುದ್” ಎಂದು ನಾನು ಕೂಗಿದಾಗ ಗೆಳೆಯರು ನಗಲಿಲ್ಲ. ತಿರುಗಿ ನೋಡಿದರೆ ಹೆರಿಯಣ್ಣ ನನ್ನ ತಲೆಯ ಮೇಲೇ ನಿಂತಿದ್ದಾನೆ. ನನ್ನ ಪೆನ್ನಿನ ಮುಚ್ಚಳವನ್ನು ಪರೀಕ್ಷಕನ ಹಾಗೆ ನೋಡಿದ.

“ಎಲ್ಲ ಸಮ ಇತ್ತ್. ಒಂದ್ ತಪ್ಪಿತ್ ಮರಾಯ. ವಿಸಿಲ್ ಕಚ್ಚಿ ಮಾತಾಡ್ವತಿಗೆ ನಡುಗೆ ಎಂಜ್ಲ್ ನುಂಗ್ಕ್. ಅದ್ನ ಬಿಟ್ಟೆ ನೀನ್.”

ಅಂದಿನಿಂದ ನಾನು ಎಂಜಲು ನುಂಗತೊಡಗಿದೆ, ನಕಲು ಅಸಲಾಯಿತು. ಮದುವೆ ಮನೆಗಳಲ್ಲಿ, ಸ್ಕೂಲ್ ಡೇಗಳಲ್ಲಿ ನನ್ನ ಹೆರಿಯಣ್ಣನಿಗೆ ಬೇಡಿಕೆ ಬಂತು. ಅವನೇ ಒಮ್ಮೆ ಕೋಟೇಶ್ವರದಲ್ಲಿ ನೆಂಟರ ಮದುವೆಗೆ ಬಂದಿದ್ದವನು ಕೊನೆಯ ಸಾಲಿನಲ್ಲಿ ಕೂತು ಕೇಳಿ, ಪಕ್ಕದವರಿಗೆ “ಆ ಕಂಡಕ್ಟರ್ ಭಾರೀ ಬಾಯಿಬಡ್ಕ ಕಾಣತ್ತ್” ಎಂದನಂತೆ.

ಕಾಲೇಜು ಮುಗಿದು ಕುಂದಾಪುರದ ಮೊಬೈಲ್ ಅಂಗಡಿಯೊಂದರಲ್ಲಿ ನಾನು ಕರೆನ್ಸಿ ಹಾಕುವ ಉದ್ಯೋಗಕ್ಕೆ ಸೇರಿದ ಕಾಲಕ್ಕೆ ಹೆರಿಯಣ್ಣನ ವಿಸಿಲ್ ಓರೆಯಾಗತೊಡಗಿತು. ಮೇಲಿನ ಎರಡು ಹಲ್ಲುಗಳು ಒಂದನ್ನೊಂದು ಬಿಟ್ಟು ಮುಂದಕ್ಕೆ ಬಾಗಿದ್ದವು. ವಿಸಿಲಿನ ತುದಿಗೆ ಆಗಾಗ ರಕ್ತ. ಉಷ್ಣ ಎಂದು ಬೊಂಡದ ಎಳನೀರು ಕುಡಿದ. ಉಪ್ಪು ತಿಕ್ಕಿದ. ನಡುವೆ ಬೀಡಿ ಸೇದಿದ, ಹಲ್ಲಿನ ನೋವಿಗೆ ಒಳ್ಳೆಯದು ಎಂದು ತಾನೇ ಕಂಡುಹಿಡಿದಿದ್ದ.

ತ್ರಾಸಿಯಲ್ಲಿ ಒಂದು ದಿನ ನಿಲ್ಲು ಎಂದು ಉದ್ದಕ್ಕೆ ಊದಿ ವಿಸಿಲ್ ತೆಗೆದರೆ ಅದರ ಜೊತೆಗೆ ಒಂದು ಹಲ್ಲೂ ಬಂತು. ಬಸ್ಸು ತುಂಬ ಜನ. ಹೆರಿಯಣ್ಣ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಹೆಗಲ ಚರ್ಮದ ಚೀಲಕ್ಕೆ, ನಾಣ್ಯಗಳ ನಡುವೆ ಹಾಕಿಕೊಂಡ.

“ಚಿಲ್ರೆ ಕೊಡಿ ಅಂಬ್ರಿಗೆ ಕೊಡುಕ್ ಆಯ್ತ್.”

ಬಸ್ಸು ನಕ್ಕಿತು. ತಿಂಗಳೊಪ್ಪತ್ತಿನಲ್ಲಿ ಅದರ ಪಕ್ಕದ್ದೂ ಹೋಯಿತು. ಆಗ ಅವನ ಉದ್ಯೋಗಕ್ಕೇ ಸಂಚಕಾರ ಬಂತು. ಬರೀ ತುಟಿಯಲ್ಲಿ ಹಿಡಿದರೆ ವಿಸಿಲ್ ಜಾರುತ್ತದೆ, ಊದಿದರೆ ಅರ್ಧ ಗಾಳಿ ಸಂದಿಯಿಂದ ಸೋರುತ್ತದೆ. ಮಾತಿಗೂ ಗಾಳಿ ಸೇರಿಕೊಂಡಿತು. ಮೊದಲು ಮೂಲೆಯಿಂದ ಬಾಣದ ಹಾಗೆ ಬರುತ್ತಿದ್ದ ಬೈಗುಳ ಈಗ ಬೀಸಣಿಗೆಯ ಹಾಗೆ ತಂಪಾಗಿ ಬಂದು ತಾಗುತ್ತಿತ್ತು. ಬೈಸಿಕೊಂಡವರು ಸಿಟ್ಟಾಗುತ್ತಿರಲಿಲ್ಲ, ಅವನಿಗೆ ಅದೇ ನೋವು.

ಬ್ರಹ್ಮಾವರದಲ್ಲಿ ಯಾರೋ ಹಲ್ಲಿನ ಸೆಟ್ ಕಟ್ಟಿಕೊಟ್ಟರು, ತೆಗೆದು ಹಾಕುವಂಥದ್ದು. ಮರವಂತೆಯಲ್ಲಿ ಅವನು ಎರಡು ಗಿಡ್ಡ ವಿಸಿಲ್ ಊದಿದ್ದೇ ತಡ, ವಿಸಿಲ್ ಕೊರಳ ದಾರದಲ್ಲಿ ಉಳಿಯಿತು, ಸೆಟ್ ಬಾಗಿಲಿನಿಂದ ಹಾರಿಹೋಯಿತು. ಆ ದಿನ ಬಸ್ಸಿನಲ್ಲಿಲ್ಲದ ಜನರೂ ಆಮೇಲೆ ಅದು ಸಮುದ್ರಕ್ಕೆ ಬಿತ್ತೋ ಹೊಳೆಗೆ ಬಿತ್ತೋ ಎಂದು ಎರಡು ಪಕ್ಷವಾಗಿ ವಾದಿಸಿದರು. ಬೈಂದೂರಿಗೆ ಹೋಗುವಾಗ ಆಗಿದ್ದರೆ ಬಾಗಿಲು ಸಮುದ್ರದ ಕಡೆ, ಬರುವಾಗ ಆಗಿದ್ದರೆ ಹೊಳೆಯ ಕಡೆ. ಹೆರಿಯಣ್ಣನನ್ನೇ ಕೇಳಿದರೆ “ಎಲ್ಲ್ ಬಿದ್ರೂ ಮೀನಿಗೇ ಅಲ್ದಾ? ನಾನ್ ಅವ್ರನ್ನ್ ತಿಂದದ್ದ್ ಸಾಕ್, ಇನ್ ಅವ್ರ್ ಅಗೀಲಿ” ಎಂದ. ಆದರೆ ಆ ಸಂಜೆ ಬಸ್ಸು ಖಾಲಿಯಾದ ಮೇಲೆ ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದ: “ಬಸ್ಸಿನ್ ಧನಿ ಬೆಲ್ ಹಾಕ್ಸುವ ಅಂತಿದ್ರ್. ಬೆಲ್ ಒತ್ತುಕೆ ನಾನೇ ಆಯ್ಕ್ ಅಂದೇಳಿ ಇಲ್ಲೆ. ಯಾರಾರೂ ಆತ್ತ್.”

ಬ್ರಹ್ಮಾವರದಲ್ಲಿ ಬಸ್ಸಿಗೆ ಒಂದಷ್ಟು ಹೊತ್ತು ಬಿಡುವು. ಅಲ್ಲೇ ಮೇಲಿನ ಮಹಡಿಯಲ್ಲಿ ಹೊಸ ದಂತ ಚಿಕಿತ್ಸಾಲಯ. ಡಾಕ್ಟರಮ್ಮ ಮೈಸೂರು ಕಡೆಯವರು, ಚಿಕ್ಕ ಪ್ರಾಯ. ಹಲ್ಲು ನೆಡುವ ವಿದ್ಯೆ ಕಲಿತು ಬಂದಿದ್ದರು. ನನಗೆ ಮಂಗಳವಾರ ಅಂಗಡಿ ರಜೆ. “ನೀನ್ ಬಾ ಮರಾಯ, ಅವ್ರ್ ಹೇಳುದ್ ನಂಗ್ ಗೊತ್ತಾತಿಲ್ಲೆ, ನಾನ್ ಹೇಳುದ್ ನಂಗೇ ಗೊತ್ತಾತಿಲ್ಲೆ” ಎಂದು ಹೆರಿಯಣ್ಣ ಎಳೆದುಕೊಂಡು ಹೋದ. ಹೀಗೆ ನಾನು ದುಭಾಷಿಯಾದೆ. ಗಾಳಿ ಸೋರುವ ಕುಂದಾಪ್ರ ಕನ್ನಡವನ್ನು ಮೈಸೂರು ಕನ್ನಡಕ್ಕೂ, ಮೈಸೂರು ಕನ್ನಡವನ್ನು ಬಸ್ಸಿನ ಕನ್ನಡಕ್ಕೂ ದನಿ ಸಮೇತ ಬದಲಾಯಿಸುತ್ತ ಕೂತೆ. ಡಾಕ್ಟರಮ್ಮ ಒಮ್ಮೆ ತಮ್ಮದೇ ದನಿ ಕೇಳಿ ಬೆಚ್ಚಿದರು.

ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ಅವರು ತೋರಿಸಿದರು. ಉಳಿದ ಕಡೆ ಬೆಳ್ಳಗೆ ಕಾಣುವ ದವಡೆ ಮೂಳೆ ಮುಂದುಗಡೆ ಕೊರೆದ ದಂಡೆಯ ಹಾಗೆ ತಗ್ಗಿತ್ತು.

“ವಸಡಿನ ಕಾಯಿಲೆ ಮೂಳೇನ ಮೊದಲೇ ತಿಂದಿದೆ. ಅದರ ಮೇಲೆ ಈ ವಿಸಿಲ್. ಸಡಿಲ ಆಗಿರೋ ಕಂಬವನ್ನ ಇಷ್ಟು ವರ್ಷ ದಿನಾ ಅಲ್ಲಾಡಿಸಿದೀರಿ. ಹಲ್ಲು ನೆಡೋದು ಅಂದ್ರೆ ಮೂಳೆಗೆ ಒಂದು ಸ್ಕ್ರೂ ಕೂರಿಸೋದು. ಕೂರಿಸೋಕೆ ಮೂಳೆನೇ ಇಲ್ಲ. ಮೊದಲು ಅದು ಬೆಳೀಬೇಕು.”

“ಎಲ್ಬು ಬೆಳ್ಸುಕಾತ್ತಾ?” ಹೆರಿಯಣ್ಣನ ಕಣ್ಣು ಅರಳಿತು.

“ನಾವು ಬೆಳೆಸೋದಲ್ಲ, ಅದೇ ಬೆಳೀಬೇಕು. ನಾವು ಜಾಗ ಕಾಯ್ತೀವಿ, ಅಷ್ಟೆ. ಮೂಳೆ ಪುಡಿ ತುಂಬಿಸಿ, ನಿಮ್ಮದೇ ರಕ್ತದಿಂದ ತೆಗೆದ ಒಂದು ಪದರ ಇಟ್ಟು, ಮೇಲೆ ತೆಳು ಪೊರೆ ಮುಚ್ತೀವಿ. ಮಾಂಸ ಬೇಗ ಬೆಳೆಯುತ್ತೆ, ಮೂಳೆ ನಿಧಾನ. ಪೊರೆ ಇಲ್ಲದಿದ್ರೆ ಮಾಂಸ ಮೊದಲೇ ಬಂದು ಆ ಜಾಗದಲ್ಲಿ ಕೂತುಬಿಡುತ್ತೆ.”

ನಾನು ಅನುವಾದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆರಿಯಣ್ಣ ಕೈ ಎತ್ತಿ ತಡೆದ.

“ಗೊತ್ತಾಯ್ತ್, ಗೊತ್ತಾಯ್ತ್. ಸೀಟಿಗ್ ಟವೆಲ್ ಹಾಕ್ದಾಂಗೆ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ರಶ್ಶಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನೂ, ಹಿಡಿದವನು ಹಿಂದಿನಿಂದ ನಿಧಾನಕ್ಕೆ ಬರುವುದನ್ನೂ ನಾನು ಅಭಿನಯಿಸಿ ತೋರಿಸಿದೆ. ಅವರು ನಕ್ಕು, ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ ಎಂದರು. ಹೆರಿಯಣ್ಣ ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಕ್ಕ.

“ಪುಡಿ ಯಾವ್ದರ್ ಎಲ್ಬಿದ್?”

“ಪ್ರಾಣಿಗಳದ್ದೂ ಬರುತ್ತೆ. ಬೇಡ ಅಂದ್ರೆ ಫ್ಯಾಕ್ಟರಿಯಲ್ಲಿ ಮಾಡಿದ್ದಿದೆ.”

“ಬಂಗ್ಡಿದ್ ಆತಿಲ್ಯಾ? ದಿನಾ ತಿಂದ್ ಬಿಸಾಡುದೇ.”

“ನಗಬೇಡಿ, ಮೀನಿನ ಮೂಳೆ ಮೇಲೂ ಸಂಶೋಧನೆ ನಡೀತಾ ಇದೆ” ಎಂದರು ಡಾಕ್ಟರಮ್ಮ. ವಾರವಿಡೀ ಹೆರಿಯಣ್ಣ ತಾನೇ ಆ ಸಂಶೋಧನೆ ಮಾಡಿದವನ ಹಾಗೆ ಬಸ್ಸಿನಲ್ಲಿ ಓಡಾಡಿದ. ಮೀನಿನ ಬುಟ್ಟಿ ಹತ್ತಿಸುವ ಅಕ್ಕಂದಿರಿಗೆ “ಮುಳ್ಳ್ ಬಿಸಾಡ್ಬೇಡಿ, ಮುಂದೆ ರೇಟ್ ಬತ್ತ್” ಎಂದ.

ಡಾಕ್ಟರಮ್ಮ ಮೂರು ಬೇಡ ಹೇಳಿದ್ದರು. ಬೀಡಿ ಬೇಡ, ರಕ್ತದಲ್ಲಿ ಶುಗರ್ ಕಂಡದ್ದರಿಂದ ಸಕ್ಕರೆ ಬೇಡ, ವಿಸಿಲ್ ಬೇಡ. ಎಷ್ಟು ಸಮಯ ಎಂದರೆ, ಮೂಳೆ ಬರಲು ತಿಂಗಳುಗಟ್ಟಲೆ, ಸ್ಕ್ರೂ ಹಿಡಿಯಲು ಮತ್ತೂ ತಿಂಗಳುಗಟ್ಟಲೆ. ನಾವೆಲ್ಲ ನಕ್ಕೆವು. ಬೀಡಿ ಬಿಡುವುದು, ಹೆರಿಯಣ್ಣ? ಅವನು ಬಿಟ್ಟ. ಸಪ್ಪೆ ಚಹ ಕುಡಿದ. ಧನಿಯ ಬಳಿ ಹೋಗಿ ಬೆಲ್ಲಿಗೆ ಒಂದು ವರ್ಷ ವಾಯಿದೆ ಕೇಳಿಕೊಂಡು ಬಂದ. ವಿಸಿಲನ್ನು ಮಾತ್ರ ಕೊರಳಿನಿಂದ ತೆಗೆಯಲಿಲ್ಲ. “ಇರ್ಲಿ, ತಾಳಿ ಇದ್ದಾಂಗೆ” ಎಂದ.

ಆ ಒಂದು ವರ್ಷ ಬಸ್ಸು ಹ್ಯಾಗೆ ಓಡಿತು ಎಂದರೆ, ಹಗಲಿನ ಟ್ರಿಪ್ಪುಗಳಲ್ಲಿ ಅವನು ಬಸ್ಸಿನ ಮೈ ಬಡಿಯುತ್ತಿದ್ದ. ಎರಡು ಏಟಿಗೆ ಹೊರಡುವುದು. ಸಾಧಣ್ಣ ಎಂಟು ದಿನ ಮುನಿಸಿಕೊಂಡಿದ್ದು ಆಮೇಲೆ ಆ ಕೈಯ ಏಟನ್ನು ಗುರುತು ಹಿಡಿದ. ಬೆಳಿಗ್ಗೆ, ಸಂಜೆ ನನ್ನ ಟ್ರಿಪ್ಪುಗಳಲ್ಲಿ ಹೆರಿಯಣ್ಣನ ಅಂಗೈಗೆ ರಜೆ. ಹಿಂದಿನ ಸೀಟಿನಿಂದ ನಾನು ಬರೀ ತುಟಿಯಲ್ಲಿ ಅವನ ವಿಸಿಲ್ ಹೊಡೆಯುತ್ತಿದ್ದೆ. ನನ್ನ ಜೀವಮಾನದಲ್ಲಿ ನನ್ನ ವಿದ್ಯೆ ಯಾರಿಗಾದರೂ ಉಪಯೋಗಕ್ಕೆ ಬಿದ್ದದ್ದು ಆಗ ಮಾತ್ರ. ಅವನು ಹುಬ್ಬು ಹಾರಿಸಿದರೆ ನಾನು ಊದುವುದು. ಯಾರಾದರೂ ಹೊಸ ಪ್ರಯಾಣಿಕರು ವಿಸಿಲ್ ಎಲ್ಲಿಂದ ಬಂತೆಂದು ಸುತ್ತ ನೋಡಿದರೆ ಹೆರಿಯಣ್ಣ ಗಂಭೀರವಾಗಿ ಹೇಳುತ್ತಿದ್ದ: “ನನ್ ವಿಸಿಲ್ ರಿಪೇರಿಗೆ ಹೋಯಿತ್. ಇದ್ ಬಾಡ್ಗಿದ್.”

ಮಂಗಳವಾರಗಳಲ್ಲಿ ಬ್ರಹ್ಮಾವರ. ಪ್ರತಿ ಸಲವೂ ಅವನ ಮೊದಲ ಪ್ರಶ್ನೆ ಒಂದೇ. “ಟವೆಲ್ ಹಾಕಿ ಆಯ್ತ್. ಗಿರಾಕಿ ಬಂದ್ನಾ ಡಾಕ್ಟ್ರಮ್ಮ?” ಕೆಲವು ತಿಂಗಳಾದ ಮೇಲೆ ಅವರು ಹೊಸ ಎಕ್ಸ್‌ರೇ ಹಿಡಿದು “ಬರ್ತಾ ಇದಾನೆ” ಎಂದರು. ಮಸುಕಾದ ಒಂದು ಮೋಡ, ಅಷ್ಟೆ. ಹೆರಿಯಣ್ಣ ಅದನ್ನು ಮೊಮ್ಮಗನ ಮುಖ ನೋಡುವ ಹಾಗೆ ನೋಡಿದ. ಆ ಮೋಡಕ್ಕೆ ಎರಡು ಸ್ಕ್ರೂ ಕೂರಿಸಿ, ವಸಡು ಹೊಲಿದು, ನೋಟಕ್ಕೆ ಮಾತ್ರ ಇರಲಿ ಎಂದು ಎರಡು ತಾತ್ಕಾಲಿಕ ಹಲ್ಲುಗಳನ್ನು ಪಕ್ಕದವುಗಳಿಗೆ ಅಂಟಿಸಿದರು. “ಇದರಿಂದ ಏನೂ ಕಚ್ಚಬೇಡಿ. ಬೋಳು ವಸಡಿಗೆ ಬಟ್ಟೆ ಹಾಕಿದ್ದೀನಿ ಅಂದ್ಕೊಳ್ಳಿ.”

ಅದೇ ಮಳೆಗಾಲ. ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ತಲ್ಲೂರಿನ ಹತ್ತಿರ ರಸ್ತೆಯ ಬದಿ ಆಳಕ್ಕೆ ಅಗೆದು ಹಾಕಿದ್ದರು. ಎದುರಿಂದ ಬಂದ ಲಾರಿಗೆ ದಾರಿ ಬಿಡಲು ನಮ್ಮ ಬಸ್ಸು ಹಿಂದೆ ಹೋಗಬೇಕಾಯಿತು. ಹೆರಿಯಣ್ಣ ಕೊಡೆ ಹಿಡಿದು ಇಳಿದ. ಮಣ್ಣು ಅಗೆಯುವ ಯಂತ್ರ ಪಕ್ಕದಲ್ಲೇ ಗುಡುಗುತ್ತಿತ್ತು. ಬಸ್ಸು ತುಂಬ ಜನ, ಕಿಟಕಿಗೆಲ್ಲ ಟಾರ್ಪಾಲು. ಹಿಂದಿನ ಗಾಜಿನಿಂದ ನಾನು ನೋಡುತ್ತಿದ್ದೆ. ಕೆಂಪು ನೀರು ತುಂಬಿದ ಗುಂಡಿ ಹತ್ತಿರ ಬರುತ್ತಿತ್ತು. ಹೆರಿಯಣ್ಣ ಕೈ ಅಡ್ಡ ಮಾಡಿದ. ನಾನು ಉದ್ದದ ವಿಸಿಲ್ ಹೊಡೆದೆ. ಮತ್ತೆ ಹೊಡೆದೆ. ತುಟಿಯ ವಿಸಿಲ್ ಎಂದರೆ ಎಷ್ಟರದು. ಮುಂದಿನ ಸೀಟಿನವರಿಗೂ ಕೇಳಿರಲಿಕ್ಕಿಲ್ಲ. ಬಸ್ಸು ನಿಲ್ಲಲಿಲ್ಲ. ನನ್ನ ಬಾಯಿ ಒಣಗಿತು, ಆಮೇಲೆ ಬರೀ ಗಾಳಿ ಬಂತು.

ಹೆರಿಯಣ್ಣ ಕೊಡೆ ಬಿಟ್ಟ. ಒಂದು ಕೈಯಲ್ಲಿ ಹಿಂದೆ ನುಗ್ಗುತ್ತಿದ್ದ ಬೈಕಿನವರನ್ನು ತಡೆದಿದ್ದ. ಇನ್ನೊಂದು ಕೈ ಎದೆಗೆ ಹೋಗಿ ವಿಸಿಲನ್ನು ಬಾಯಿಗಿಟ್ಟು ಹಾಗೆಯೇ ಮೇಲೆ ಹೋಯಿತು, ನಿಲ್ಲು ಎಂದು. ವಿಸಿಲ್ ಬಾಯಲ್ಲೇ ಉಳಿಯಿತು. ಕಚ್ಚಿದ್ದ. ಆ ಯಂತ್ರದ ಸದ್ದನ್ನು ಸೀಳಿಕೊಂಡು ಹೋದದ್ದು ಹಳೆಯ ವಿಸಿಲೇ, ಒಂದು ಚೂರೂ ಸೋರದ್ದು. ಬಸ್ಸು ಗಕ್ಕನೆ ನಿಂತಿತು. ಹಿಂದಿನ ಚಕ್ರದ ಪಕ್ಕದ ಮಣ್ಣು ಕುಸಿದು ಗುಂಡಿಗೆ ಬಿತ್ತು. ಕೊಡೆ ತಲೆಕೆಳಗಾಗಿ ಅದೇ ನೀರಿನಲ್ಲಿ ತೇಲುತ್ತಿತ್ತು.

ಹತ್ತಿ ಬಂದವನು ಒದ್ದೆಮೈಯಲ್ಲಿ ನನ್ನ ಎದುರು ನಿಂತು ಹಲ್ಲು ತೋರಿಸಿದ. “ಎಂತ ಆಯ್ಲಿಲ್ಲೆ ಕಾಣ್. ಇದ್ದಲ್ಲೇ ಇತ್ತ್.” ಮುಂದಿನಿಂದ ಸಾಧಣ್ಣ ಕೂಗಿದ: “ಹೆರಿಯಣ್ಣ, ರಿಪೇರಿ ಆಯ್ತಾ?” ಬಸ್ಸಿನಲ್ಲಿ ಎಲ್ಲರೂ ಖುಷಿಪಟ್ಟರು.

ಮುಂದಿನ ಮಂಗಳವಾರ ಡಾಕ್ಟರಮ್ಮ ಸಣ್ಣ ಕಡ್ಡಿಯಂಥದ್ದರಿಂದ ಒಳಗೆ ಮುಟ್ಟಿ ನೋಡಿದರು. ಮತ್ತೊಮ್ಮೆ ಮುಟ್ಟಿದರು. “ಸ್ಕ್ರೂ ತಿರುಗ್ತಾ ಇದೆ” ಎಂದರು. ನಾನು ಅದನ್ನು ಅನುವಾದ ಮಾಡಲಿಲ್ಲ. ಕೆಲವು ದಿನಕ್ಕೆ ಕೀವು ಬಂತು. ಎರಡೂ ಸ್ಕ್ರೂಗಳನ್ನು ತೆಗೆಯಬೇಕಾಯಿತು. ಅವುಗಳ ಸುತ್ತ ಬಂದಿದ್ದ ಮೋಡವೂ ಹೋಯಿತು. ಮೊದಲು ಇದ್ದದ್ದಕ್ಕಿಂತ ತುಸು ಕಡಿಮೆಯೇ ಉಳಿಯಿತು.

“ಒಂದ್ ಸಲ ಕಚ್ಚಿದ್ದೆ ಡಾಕ್ಟ್ರಮ್ಮ” ಎಂದ ಹೆರಿಯಣ್ಣ.

“ಅದಿರಬಹುದು. ನಿಮ್ಮ ಶುಗರ್ ಇರಬಹುದು. ಹಳೇ ಬೀಡಿ ಇರಬಹುದು. ಏನೂ ಮಾಡದೆ ಇದ್ದವರಿಗೂ ಹೀಗಾಗುತ್ತೆ. ಯಾಕೆ ಅಂತ ನನಗೆ ಗೊತ್ತಿಲ್ಲ.” ಅವರು ಕೈಗವಸು ತೆಗೆದಿಟ್ಟರು. ಆಮೇಲೆ, ಸೊಂಟದ ಮೂಳೆ ತೆಗೆದು ಇಲ್ಲಿ ಕೂರಿಸುವ ದಾರಿಯಿದೆ, ದೊಡ್ಡ ಆಸ್ಪತ್ರೆಗೆ ಹೋಗಬೇಕು, ಖಾತರಿ ಹೇಳಲಾರೆ ಎಂದರು. ಎಲ್ಲೆಲ್ಲೋ ಸಂಶೋಧನೆ ನಡೆಯುತ್ತಿದೆ, ಮೂಳೆಯನ್ನು ಬೇಗ ಕರೆಯುವ ಔಷಧಗಳು, ಮುಂದೊಂದು ದಿನ ಹಲ್ಲೇ ಮೊಳೆಯುವ ಹಾಗೆ ಮಾಡುತ್ತಾರಂತೆ ಎಂದರು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ಅಷ್ಟು ಹೊತ್ತಿಗೆ ಯಾರ ದನಿಯನ್ನಾದರೂ ಹಿಡಿದುಬಿಡುತ್ತಿದ್ದ ನಾನು ಆ ದನಿಯನ್ನು ಹಿಡಿಯಲಿಲ್ಲ.

ಹೆರಿಯಣ್ಣನೇ ಅವರನ್ನು ಸಮಾಧಾನ ಮಾಡಿದ.

“ಸೊಂಟದ್ ಬಾಯಿಗೆ ಬೇಡ ಡಾಕ್ಟ್ರಮ್ಮ. ಈ ಪ್ರಾಯದಂಗೆ ರೂಟ್ ಬದ್ಲ್ ಮಾಡುಕೆ ಪರ್ಮಿಟ್ ಸಿಕ್ಕುದಿಲ್ಲೆ. ನೀವ್ ಟವೆಲ್ ಸಮ ಹಾಕಿದ್ರಿ. ಗಿರಾಕಿ ಬಪ್ಪುದಿಲ್ಲೆ ಅಂದ್ರೆ ಟವೆಲ್ ಎಂತ ಮಾಡತ್ತ್?” ಕುರ್ಚಿಯಿಂದ ಇಳಿದು ಚೀಲ ಹೆಗಲಿಗೆ ಹಾಕಿಕೊಂಡ. “ತೆಗೀನಿ ಟವೆಲ್. ಬೇರೆ ಯಾರಾರೂ ಕೂಕಣ್ಲಿ.”

ಮೆಟ್ಟಿಲು ಇಳಿಯುವಾಗ ನನಗೆ ಏನಾದರೂ ತಮಾಷೆ ಮಾಡಬೇಕೆನಿಸಿತು. ಬದಲಿಗೆ ಒಂದೊಂದೇ ಮೆಟ್ಟಿಲು ಎಣಿಸಿದೆ.

ವಾಯಿದೆ ಮುಗಿದಿತ್ತು. ಬೆಲ್ ಬಂತು. ಬೆಲ್ಲಿನ ಜೊತೆಗೆ ಕಿವಿಗೆ ವೈರ್ ಸಿಕ್ಕಿಸಿಕೊಂಡ ಹುಡುಗನೊಬ್ಬ ಕಂಡಕ್ಟರಾಗಿ ಬಂದ. ಹೆರಿಯಣ್ಣ ನಾವುಂದದ ತನ್ನ ಮನೆಯ ಪಕ್ಕದ ಗೂಡಂಗಡಿಯಲ್ಲಿ ಹೆಂಡತಿಯ ಜೊತೆ ಕೂರತೊಡಗಿದ.

ಎರಡು ಮೂರು ವರ್ಷ ಹಾಗೇ ಹೋಯಿತು. ನಾನು ಗೂಡಂಗಡಿಗೆ ಆಗಾಗ ಹೋಗುತ್ತಿದ್ದೆ. ಉಳಿದ ಹಲ್ಲುಗಳೂ ಒಂದೊಂದಾಗಿ ಹೋದವು. ಅವನ ಮಾತು ಕೇಳಲು ಮುಂದಕ್ಕೆ ಬಾಗಬೇಕಾಗುತ್ತಿತ್ತು. ಮದುವೆ ಮನೆಗಳಲ್ಲಿ ಜನ ಈಗ ಈ ಹೊಸ ಹೆರಿಯಣ್ಣನನ್ನು ಕೇಳುತ್ತಿದ್ದರು. ನಾನು ಮಾಡುತ್ತಿದ್ದೆ. ಹಳೆಯದಕ್ಕಿಂತ ಇದಕ್ಕೇ ನಗು ಜಾಸ್ತಿ.

ಕೊನೆಯ ಸಲ ಅವನನ್ನು ಕಂಡದ್ದು ಬಸ್ಸಿನಲ್ಲೇ. ಕುಂದಾಪುರದಲ್ಲಿ ಶುಗರಿನ ಡಾಕ್ಟರಿಗೆ ತೋರಿಸಿ ವಾಪಸು ಹೊರಟಿದ್ದ. ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ, ಟಿಕೆಟು ಮುದುರಿ ಹಿಡಿದುಕೊಂಡು, ಯಾರೋ ಬೇರೆಯವರ ಮನೆಗೆ ಬಂದ ಹಾಗೆ ಕೂತಿದ್ದ. ಕೊರಳಲ್ಲಿ ವಿಸಿಲ್ ಇರಲಿಲ್ಲ. ನಾನು ಪಕ್ಕ ಕೂತೆ. ಮರವಂತೆ ಬಂದಾಗ ಸಮುದ್ರದ ಕಡೆ ಕೈ ತೋರಿಸಿ, “ನನ್ ಸೆಟ್ ಹಾಯ್ಕಂಡ್ ಯಾವ್ದೋ ಬಂಗ್ಡಿ ಮದಿ ಊಟಕ್ಕೆ ಹೊರ್ಟಿತ್ತೇನ” ಎಂದ. ನಾನು ನಕ್ಕೆ. ಅವನು ನನ್ನ ಜೇಬಿನ ಪೆನ್ನು ತೆಗೆದ. ಅದರ ಮುಚ್ಚಳ ಕಿತ್ತು ನನಗೆ ಕೊಟ್ಟ.

“ನನ್ನ ಹಳೇ ಕೂಗ್ ಒಂದ್ ಮಾಡ್ ಕಾಂಬ. ಹಲ್ಲ್ ಇಪ್ಪತಿಗಿಂದ್. ಕೇಳ್ದೆ ಸುಮಾರ್ ದಿನ ಆಯ್ತ್.”

ಇದೆಂಥ ದೊಡ್ಡ ಕೆಲಸ. ಮುಚ್ಚಳ ಕಚ್ಚಿದೆ. ಎಂಜಲು ನುಂಗಿದೆ. ಹ್ವಾಯ್, ಮುಂದ್ ಹೋಯ್ನಿ ಎಂದೆ. ಬಾಯಿಂದ ಬಂದದ್ದು ಗಾಳಿ ಸೋರುವ ದನಿ. ಕೆಮ್ಮಿ ಮತ್ತೆ ಮಾಡಿದೆ. ಗೂಡಂಗಡಿಯ ಮುದುಕನೇ ಬಂದ. ಬಾಯಿಯ ಎಡಮೂಲೆಗೆ ದನಿಯನ್ನು ತಳ್ಳಿದೆ, ಪೀಂ ಸೇರಿಸಿದೆ, ಕಣ್ಣುಮುಚ್ಚಿ ಹೈಸ್ಕೂಲಿನ ದಿನಗಳನ್ನೆಲ್ಲ ನೆನೆಸಿಕೊಂಡೆ. ಈ ಎರಡು ಮೂರು ವರ್ಷ ಕೇಳಿದ ದನಿ ಹಿಂದಿನದರ ಜಾಗದಲ್ಲಿ ಬಂದು ಕೂತುಬಿಟ್ಟಿತ್ತು.

ಹೆರಿಯಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದ, ಡಾಕ್ಟರಮ್ಮ ಅವನ ಬಾಯಿಯನ್ನು ನೋಡುತ್ತಿದ್ದ ಹಾಗೆ. ಆಮೇಲೆ ಮೆಲ್ಲಗೆ ಕೇಳಿದ:

“ಅದೂ ಉದ್ರಿ ಹೋಯ್ತಾ?”

ನಾನು ಮುಚ್ಚಳವನ್ನು ಅಂಗಿಗೆ ಒರೆಸಿದೆ. ಅವನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಎದ್ದ. ನಾವುಂದ ಬಂದಿತ್ತು. ಕಂಡಕ್ಟರ್ ಹುಡುಗ ಮುಂದುಗಡೆ ಯಾರದೋ ಜೊತೆ ಟಿಕೆಟಿನ ಜಗಳದಲ್ಲಿದ್ದ. ಹೆರಿಯಣ್ಣ ನಿಧಾನಕ್ಕೆ ಮೆಟ್ಟಿಲು ಇಳಿದು, ನೆಲಕ್ಕೆ ಕಾಲಿಟ್ಟು, ತಿರುಗಿ ನೋಡದೆ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದ.

ಬೆಲ್ ಆಗಿರಲಿಲ್ಲ. ಸಾಧಣ್ಣ ಬಸ್ಸು ಹೊರಡಿಸಿದ.